ವೈದ್ಯರು ಕೊಟ್ಟ ಪುಟ

ಕಾಗೆಯನ್ನು ಯಾರೂ ನಿಂತು ನೋಡುವುದಿಲ್ಲ. ನವಿಲು ಕುಣಿದರೆ ಕವಿಗೆ ಕಾವ್ಯವಾಗುತ್ತದೆ. ಗಿಳಿ ಮಾತನಾಡಿದರೆ ಮನೆಯ ಮಕ್ಕಳೆಲ್ಲ ಪಂಜರದ ಸುತ್ತ ನೆರೆಯುತ್ತಾರೆ. ಶನಿದೇವರ ವಾಹನವೆಂದೋ, ಪಿತೃಗಳಿಗೆ ಇಟ್ಟ ಪಿಂಡವನ್ನು ಮುಟ್ಟಬೇಕಾದ ಹಕ್ಕಿಯೆಂದೋ ವರ್ಷಕ್ಕೊಮ್ಮೆ ನೆನಪಿಗೆ ಬರುವ ಕಾಗೆಗೆ ಉಳಿದ ದಿನಗಳಲ್ಲಿ ಸಲ್ಲುವ ಉಪಚಾರವೆಂದರೆ ‘ಹುಶ್’ ಎಂಬ ಒಂದು ಶಬ್ದ ಮಾತ್ರ. ಹೀಗಿರುವಲ್ಲಿ, ಸುಮಾರು ತೊಂಬತ್ತು ವರ್ಷಗಳ ಹಿಂದೆ, ಮೈಸೂರಿನ ಮನೆಯೊಂದರ ಕಿಟಕಿಯ ಬಳಿ ಕುಳಿತು, ಎದುರಿನ ಮಾಡುಗಳ ಮೇಲೆ ಬಂದು ಕೂರುವ ಕಾಗೆಗಳನ್ನೇ ಹಗಲೆಲ್ಲ ಬಿಡಿಸುತ್ತಿದ್ದ ಹುಡುಗನೊಬ್ಬನಿದ್ದ. ಕತ್ತು ಕೊಂಕಿಸಿದ ಕಾಗೆ, ಕೊಕ್ಕು ತಿಕ್ಕಿಕೊಳ್ಳುವ ಕಾಗೆ, ಯಾರದೋ ಮೇಲೆ ಸಂಶಯಪಟ್ಟು ಓರೆಗಣ್ಣಿನಿಂದ ನೋಡುವ ಕಾಗೆ. ಕಾಗೆ ಸಾಲದಾದಾಗ ಕಿಟಕಿಯಾಚೆಯ ಒಣರೆಂಬೆ, ಉದುರಿದ ಎಲೆ, ಗೋಡೆಯ ಮೇಲಿನ ಹಲ್ಲಿಯಂಥ ಜಂತು, ಹಿತ್ತಿಲಲ್ಲಿ ಸೌದೆ ಒಡೆಯುವ ಆಳು. ಕಣ್ಣಿಗೆ ಬಿದ್ದುದೆಲ್ಲ ಕೈಗೂ ಬರಬೇಕು. ಅಲ್ಲಿಯವರೆಗೆ ಆತನಿಗೆ ನೆಮ್ಮದಿಯಿಲ್ಲ.

ಆ ಹುಡುಗನೇ ಮುಂದೆ ಆರ್. ಕೆ. ಲಕ್ಷ್ಮಣ್ ಎಂದು ದೇಶಕ್ಕೆ ದೇಶವೇ ಗುರುತಿಸಿದ ವ್ಯಂಗ್ಯಚಿತ್ರಕಾರ. ಹುಟ್ಟಿದ್ದು 1921ರ ಅಕ್ಟೋಬರ್ 24ರಂದು, ಮೈಸೂರಿನಲ್ಲಿ. ತಂದೆ ಕೃಷ್ಣಸ್ವಾಮಿ ಅಯ್ಯರ್ ಹೈಸ್ಕೂಲಿನ ಹೆಡ್‌ಮಾಸ್ಟರರು. ಮನೆಮಾತು ತಮಿಳು, ಬೀದಿಯ ಮಾತು ಕನ್ನಡ, ಕಪಾಟಿನೊಳಗಿನ ಮಾತು ಇಂಗ್ಲಿಷು. ಆರು ಮಂದಿ ಗಂಡುಮಕ್ಕಳಲ್ಲಿ ಈತನೇ ಕಡೆಯವನು. ಕಡೆಯ ಮಗನಿಗೆ ಕೆಲವು ಸವಲತ್ತುಗಳುಂಟೆಂಬುದು ತುಂಬಿದ ಮನೆಗಳಲ್ಲಿ ಬೆಳೆದವರಿಗೆಲ್ಲ ಗೊತ್ತು. ಮೊದಲ ಮಗನ ಮೇಲೆ ಇಡುವ ನಿರೀಕ್ಷೆಯ ಭಾರ ಆರನೆಯವನ ಬಳಿಗೆ ಬರುವ ಹೊತ್ತಿಗೆ ಬಹಳಷ್ಟು ಸವೆದಿರುತ್ತದೆ. ‘ಸ್ಟ್ರಾಂಡ್’, ‘ಪಂಚ್’, ‘ಬೈಸ್ಟ್ಯಾಂಡರ್’, ‘ಟಿಟ್‌ಬಿಟ್ಸ್’ ಮೊದಲಾದ ಇಂಗ್ಲಿಷ್ ಪತ್ರಿಕೆಗಳು ಆ ಮನೆಗೆ ಬರುತ್ತಿದ್ದುವು. ಅಕ್ಷರ ಕೂಡಿಸಿ ಓದುವುದನ್ನು ಕಲಿಯುವ ಮೊದಲೇ ಬಾಲಕ ಲಕ್ಷ್ಮಣ ಅವುಗಳ ಚಿತ್ರಗಳಲ್ಲಿ ಮುಳುಗಿಹೋಗಿದ್ದ. ಅನಂತರ ನೆಲ, ಗೋಡೆ, ಬಾಗಿಲು ಯಾವುದೂ ಆತನ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಹಬ್ಬಕ್ಕೆಂದು ಸುಣ್ಣ ಬಳಿಸಿದ ಗೋಡೆಯ ಮೇಲೆ ಇದ್ದಿಲಿನ ಗೆರೆ ಕಂಡರೆ ಮನೆಯೊಡತಿಗೆ ಏನಾಗುವುದೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆದರೂ ಆ ಮನೆಯಲ್ಲಿ ಹುಡುಗನ ಕೈಯಿಂದ ಇದ್ದಿಲನ್ನು ಯಾರೂ ಶಾಶ್ವತವಾಗಿ ಕಿತ್ತುಕೊಂಡಂತೆ ಕಾಣುವುದಿಲ್ಲ.

ಶಾಲೆಯಲ್ಲಿ ಆತ ಬರೆದ ಅಶ್ವತ್ಥದ ಎಲೆಯೊಂದನ್ನು ಉಪಾಧ್ಯಾಯರೊಬ್ಬರು ಮೆಚ್ಚಿ ನುಡಿದರಂತೆ. ಉಪಾಧ್ಯಾಯರು ಆ ಮಾತನ್ನು ಸಂಜೆಯೊಳಗೆ ಮರೆತಿದ್ದರೂ ಆಶ್ಚರ್ಯವಿಲ್ಲ, ಹುಡುಗ ಮರೆಯಲಿಲ್ಲ. ತಾನು ಚಿತ್ರಕಾರನಾಗತಕ್ಕವನು ಎಂಬ ಭಾವನೆ ಆತನಲ್ಲಿ ಬೇರೂರಿದ್ದು ಅಂದಿನಿಂದ ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅಶ್ವತ್ಥದ ಎಲೆಯನ್ನು ಬರೆಯುವುದು ನೋಡಿದಷ್ಟು ಸುಲಭವಲ್ಲ. ಅದರ ತುದಿಯ ಬಾಲ ಸ್ವಲ್ಪ ಗಿಡ್ಡವಾದರೂ ಅದು ಬೇರೊಂದು ಮರದ ಎಲೆಯಾಗಿಬಿಡುತ್ತದೆ. ಒಂದು ವಸ್ತುವನ್ನು ಆ ವಸ್ತುವನ್ನಾಗಿ ಮಾಡುವ ಗೆರೆ ಯಾವುದು, ಬಿಟ್ಟರೂ ನಡೆಯುವ ಗೆರೆ ಯಾವುದು ಎಂಬ ವಿವೇಚನೆಯೇ ವ್ಯಂಗ್ಯಚಿತ್ರದ ಪ್ರಾಣ. ಮಂತ್ರಿಗಳ ಮೂಗಿನಲ್ಲಿ ಮುಂದೆ ಕಂಡುಕೊಳ್ಳಬೇಕಾದುದನ್ನು ಆ ಕೈ ಎಲೆಯ ತುದಿಯಲ್ಲಿಯೇ ಕಂಡುಕೊಂಡಿತ್ತು.

ಓದಿಗಿಂತ ಆಟದಲ್ಲಿ ಆತನಿಗೆ ಹೆಚ್ಚು ಆಸಕ್ತಿಯಿತ್ತು. ‘ರಫ್ ಅಂಡ್ ಟಫ್ ಅಂಡ್ ಜಾಲಿ’ ಎಂಬ ಭಯಂಕರವಾದ ಹೆಸರಿನ ಬೀದಿ ಕ್ರಿಕೆಟ್ ತಂಡಕ್ಕೆ ಆತನೇ ನಾಯಕ. ಈ ನಾಯಕನ ಪ್ರತಾಪಗಳನ್ನು ಹದಿನೈದು ವರ್ಷ ಹಿರಿಯನಾದ ಅಣ್ಣನೊಬ್ಬ ಗಮನಿಸುತ್ತಿದ್ದ. ದುಡ್ಡು ಸಂಪಾದಿಸುವ ಹಂಚಿಕೆಗಳಲ್ಲಿ ತೊಡಗಿದ ಪುಟ್ಟ ಬಾಲಕನೊಬ್ಬನ ಕಥೆ ‘ದೋಡು’, ಹುಡುಗರ ಕ್ರಿಕೆಟ್ ಸಂಘದ ಮತ್ತೊಂದು ಕಥೆ, ಈ ಎರಡಕ್ಕೂ ಪ್ರೇರಣೆ ತಮ್ಮನದೇ. ಆ ಅಣ್ಣನೇ ಆರ್. ಕೆ. ನಾರಾಯಣ್.

ಇಲ್ಲಿ ನಾರಾಯಣರ ವಿಷಯ ಒಂದಿಷ್ಟು ಹೇಳದೆ ಮುಂದೆ ಹೋಗುವಂತಿಲ್ಲ. ಬಿ.ಎ. ಮುಗಿಸಿದ ನಾರಾಯಣರು ಚನ್ನಪಟ್ಟಣದ ಶಾಲೆಯಲ್ಲಿ ಉಪಾಧ್ಯಾಯರಾಗಿ ಸೇರಿ, ಕೆಲವೇ ದಿನಗಳಲ್ಲಿ ಆ ಕೆಲಸವನ್ನು ಬಿಟ್ಟು ಮನೆಗೆ ಹಿಂತಿರುಗಿದರು. ಬರೆದು ಬದುಕುವುದೆಂದು ಅವರ ನಿರ್ಧಾರ. ಹೆಡ್‌ಮಾಸ್ಟರರ ಮಗ, ಪದವೀಧರ, ಸರ್ಕಾರದ ಕೆಲಸವನ್ನು ಬಿಟ್ಟುಬಂದು ಇಂಗ್ಲಿಷಿನಲ್ಲಿ ಕಥೆ ಬರೆಯುತ್ತೇನೆಂದು ಕೂತರೆ ಮೈಸೂರಿನಂಥ ಊರಿನಲ್ಲಿ ಜನ ಏನೆಂದಾರು! ಬರೆದುದನ್ನು ಅಂಚೆಗೆ ಹಾಕುವುದು, ಅದು ಹೋದ ದಾರಿಯಲ್ಲೇ ತಿರುಗಿ ಬರುವುದು. ಆ ಮನೆಯ ಅಂಚೆಯವನಿಗೆ ನಾರಾಯಣರ ಹಸ್ತಪ್ರತಿಗಳ ತೂಕ ಚೆನ್ನಾಗಿ ಗೊತ್ತಿದ್ದಿರಬೇಕು. ಕಡೆಗೆ ಬೇಸತ್ತು, ಆಕ್ಸ್‌ಫರ್ಡಿನಲ್ಲಿದ್ದ ಸ್ನೇಹಿತನಿಗೆ ‘ಇದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು’ ಎಂಬ ಧಾಟಿಯಲ್ಲಿ ಬರೆದರು. ಸ್ನೇಹಿತ ನದಿಗೆ ಹಾಕಲಿಲ್ಲ. ಗ್ರೇಅಮ್ ಗ್ರೀನ್ ಎಂಬ ಇಂಗ್ಲಿಷ್ ಕಾದಂಬರಿಕಾರರ ಕೈಗೆ ಕೊಟ್ಟ. ನಾರಾಯಣರ ಮುಖವನ್ನು ಆವರೆಗೆ ಒಮ್ಮೆಯೂ ನೋಡದಿದ್ದ ಗ್ರೀನರು ಆ ಪುಸ್ತಕಕ್ಕೆ ಪ್ರಕಾಶಕರನ್ನು ಹುಡುಕಿಕೊಟ್ಟರು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬೆಳಕು ಕಂಡಿತು.

ಆಗ ಲಕ್ಷ್ಮಣನಿಗೆ ಹದಿಮೂರು, ಹದಿನಾಲ್ಕರ ವಯಸ್ಸು. ಆ ವಯಸ್ಸಿನ ಹುಡುಗನಿಗೆ ಉಪದೇಶ ಕಿವಿಗೆ ಹೋಗುವುದಿಲ್ಲ, ಕಂಡದ್ದು ಕಣ್ಣಿನಿಂದ ಹೋಗುವುದಿಲ್ಲ. ಮೇಜಿನ ಮುಂದೆ ಸುಮ್ಮನೆ ಕುಳಿತಿರುವುದೂ ಒಂದು ಕೆಲಸವೇ ಎಂಬುದನ್ನೂ, ತಿರಸ್ಕಾರದ ಪತ್ರ ಬಂದ ಮಾರನೆಯ ದಿನವೂ ಮನುಷ್ಯ ಊಟ ಮಾಡಿ ಮತ್ತೆ ಮೇಜಿಗೆ ಹೋಗಬಹುದೆಂಬುದನ್ನೂ ಆ ಬಾಲಕ ತನ್ನ ಮನೆಯಲ್ಲಿಯೇ ನೋಡಿದ. ಬೇರೆ ಮನೆಗಳಲ್ಲಿ ಹುಟ್ಟಿದ ಎಷ್ಟೋ ಲಕ್ಷ್ಮಣರಿಗೆ ಈ ಭಾಗ್ಯವಿರುವುದಿಲ್ಲ.

ಮನೆಯ ಸುಖಕ್ಕೆ ಪೆಟ್ಟು ಬಿದ್ದದ್ದು ತಂದೆಯವರಿಗೆ ಪಾರ್ಶ್ವವಾಯು ಬಡಿದಾಗ. ಕೆಲಕಾಲದಲ್ಲೇ ಅವರು ತೀರಿಕೊಂಡರು. ಲಕ್ಷ್ಮಣ ಇನ್ನೂ ಓದುವ ಹುಡುಗ. ಸಂಸಾರದ ಹೊರೆಯನ್ನು ಅಣ್ಣಂದಿರು ಹೊತ್ತರು; ಕಿರಿಯನ ವಿದ್ಯಾಭ್ಯಾಸ ನಿಲ್ಲಲಿಲ್ಲ. ಇದರಿಂದ ಒಂದು ವಿಚಿತ್ರವಾದ ಸ್ಥಿತಿ ಉಂಟಾಯಿತು. ‘ಇಂಥದೇ ಆಗು’ ಎಂದು ಕಿವಿ ಹಿಂಡುವ ತಂದೆಯಿಲ್ಲ; ‘ಇಂಥದನ್ನು ಮಾಡಬೇಡ’ ಎಂದು ಅಡ್ಡಗಟ್ಟುವ ಅಧಿಕಾರ ಅಣ್ಣಂದಿರಿಗಿದ್ದರೂ, ಅವರಲ್ಲೊಬ್ಬರು ತಾವೇ ಆ ಅಡ್ಡಗೋಡೆಯನ್ನು ಹಾರಿದವರು. ಹೀಗೆ ದೊರೆತ ಸ್ವಾತಂತ್ರ್ಯದಲ್ಲಿ ಸುಖಕ್ಕಿಂತ ಅನಾಥಭಾವವೇ ಹೆಚ್ಚು. ಸ್ವಾತಂತ್ರ್ಯ ಬೇಕೆಂದು ಹಟ ಹಿಡಿಯುವ ಹರೆಯದವರಿಗೆ, ಹಟ ಹಿಡಿಯಲು ಎದುರಿಗೆ ಯಾರೂ ಇಲ್ಲದಿರುವುದು ಎಂಥ ಬರಿದು ಎಂಬುದು ತಿಳಿಯಲಾರದು.

ಇಷ್ಟರಲ್ಲಿ ಹುಡುಗನಿಗೆ ಗುರುವೊಬ್ಬರು ದೊರೆತಿದ್ದರು. ಆದರೆ ಶಿಷ್ಯನೊಬ್ಬನಿದ್ದಾನೆಂಬುದು ಗುರುವಿಗೆ ಗೊತ್ತಿರಲಿಲ್ಲ. ಮದರಾಸಿನ ‘ಹಿಂದೂ’ ಪತ್ರಿಕೆಯಲ್ಲಿ ಆಗಾಗ ಮರುಮುದ್ರಣವಾಗುತ್ತಿದ್ದ ಲಂಡನ್ನಿನ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳನ್ನು ಆತ ಹಸಿದವನು ಅನ್ನವನ್ನು ನೋಡುವಂತೆ ನೋಡುತ್ತಿದ್ದ. ಲೋ ನ್ಯೂಜಿಲೆಂಡಿನವರು. ಹಿಟ್ಲರನನ್ನೂ ಮುಸ್ಸೋಲಿನಿಯನ್ನೂ ಕುಂಚದ ನಾಲ್ಕು ಬೀಸುಗಳಲ್ಲಿ ಬೀದಿಯ ಪುಂಡರನ್ನಾಗಿ ಮಾಡಿ ನಿಲ್ಲಿಸುವ ಕೈ ಅವರದು. ಅವರ ಸಹಿಯ ಮೊದಲ ಅಕ್ಷರ ಲಕ್ಷ್ಮಣನ ಕಣ್ಣಿಗೆ ಬೇರೆಯಾಗಿ ಕಂಡು, ಬಹುಕಾಲ ಆತ ಅದನ್ನು ‘ಕೌ’, ಎಂದರೆ ಹಸು, ಎಂದೇ ಓದಿಕೊಳ್ಳುತ್ತಿದ್ದನಂತೆ! ಮಣ್ಣಿನ ದ್ರೋಣನ ಮುಂದೆ ಬಿಲ್ಲುವಿದ್ಯೆ ಕಲಿತ ಏಕಲವ್ಯನ ಕಥೆ ನಮಗೆಲ್ಲ ಗೊತ್ತು. ಗುರುವಿನ ಹೆಸರನ್ನೇ ತಪ್ಪಾಗಿ ಓದಿಕೊಂಡ ಏಕಲವ್ಯ ಇವನೊಬ್ಬನೇ ಇರಬೇಕು. ಈ ದ್ರೋಣ ಹೆಬ್ಬೆರಳನ್ನು ಕೇಳಲಿಲ್ಲವೆಂಬುದು ನಮ್ಮ ಪುಣ್ಯ.

ಹೈಸ್ಕೂಲು ಮುಗಿಯಿತು. ಮುಂದೇನು? ಚಿತ್ರಕಲೆಯನ್ನು ಕ್ರಮವಾಗಿ ಕಲಿಯಬೇಕೆಂದು ಲಕ್ಷ್ಮಣ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿ, ತನ್ನ ಚಿತ್ರಗಳನ್ನು ಕಳುಹಿಸಿದ. 1857ರಿಂದ ನಡೆದುಬಂದ ಆ ಶಾಲೆ ಆ ಕಾಲಕ್ಕೆ ಚಿತ್ರಕಾರರ ಪಾಲಿನ ಕಾಶಿ. ಉತ್ತರ ಬಂತು. ಆ ಶಾಲೆಯ ವಿದ್ಯಾರ್ಥಿಯಾಗಲು ಅಗತ್ಯವಾದ ಪ್ರತಿಭೆ ಈ ಚಿತ್ರಗಳಲ್ಲಿ ಕಾಣುವುದಿಲ್ಲವೆಂದು ಅದರ ಮುಖ್ಯಸ್ಥರು ತಿಳಿಸಿದ್ದರು.

ಈ ಪತ್ರವನ್ನು ಬರೆದವರನ್ನು ಇಂದು ಕುಳಿತು ಹಾಸ್ಯ ಮಾಡುವುದು ಸುಲಭ; ಅನೇಕರು ಮಾಡಿಯೂ ಇದ್ದಾರೆ. ಆದರೆ ನ್ಯಾಯವಾಗಿ ನೋಡಬೇಕಾದರೆ, ಗಾರೆಯ ಪ್ರತಿಮೆಗಳನ್ನು ಮುಂದಿಟ್ಟುಕೊಂಡು ನೆರಳು ಬೆಳಕುಗಳನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುವ ಶಾಲೆಗೆ, ಮೈಸೂರಿನ ಮಾಡಿನ ಮೇಲಿನ ಕಾಗೆ ಏನು ಹೇಳೀತು? ಅವರು ಅಳೆಯುವ ಕೋಲು ಬೇರೆ, ಈತ ಬೆಳೆದ ಬಗೆ ಬೇರೆ. ತಪ್ಪು ಯಾರದೆಂಬುದಕ್ಕಿಂತ ಮುಖ್ಯವಾದುದು ಹದಿನೇಳರ ಆಸುಪಾಸಿನ ಹುಡುಗನೊಬ್ಬ ಆ ಪತ್ರವನ್ನು ಕೈಯಲ್ಲಿ ಹಿಡಿದು ನಿಂತ ಗಳಿಗೆ. ಪರೀಕ್ಷೆಯಲ್ಲಿ ನಪಾಸಾದವನಿಗೆ ಮುಂದಿನ ಸಲವುಂಟು. ನಿನಗೆ ಪ್ರತಿಭೆಯೇ ಇಲ್ಲ ಎಂದರೆ ಅದಕ್ಕೆ ಮರುಪರೀಕ್ಷೆಯೆಲ್ಲಿ? ಮಧ್ಯಮ ವರ್ಗದ ಎಷ್ಟು ಮನೆಗಳ ಅಟ್ಟದ ಮೇಲೆ ಇಂಥ ಒಂದು ಪತ್ರದ ಕೆಳಗೆ ಎಷ್ಟು ಕುಂಚಗಳು ಒಣಗಿ ಬಿದ್ದಿವೆಯೋ, ಬಲ್ಲವರಾರು! ಈ ಮನೆಯಲ್ಲಾದರೋ ಅಂಚೆಯವನು ‘ಇಲ್ಲ’ ಎಂಬ ಮಾತನ್ನು ತಂದದ್ದು ಇದೇ ಮೊದಲ ಸಲವಲ್ಲ. ತಿರುಗಿ ಬಂದ ಹಸ್ತಪ್ರತಿಗಳ ಕಟ್ಟು ಅಲ್ಲಿಗೆ ಪರಿಚಿತವಾದ ವಸ್ತು. ಹುಡುಗ ಮಹಾರಾಜಾ ಕಾಲೇಜಿಗೆ ಸೇರಿ ಬಿ.ಎ. ಓದತೊಡಗಿದ. ಓದುತ್ತಲೇ ಬರೆಯುತ್ತಲೂ ಹೋದ.

ಅಣ್ಣನ ಕಥೆಗಳು ‘ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದುವು; ಅವಕ್ಕೆ ತಮ್ಮನ ಚಿತ್ರಗಳು. ನಾಡಿನ ದೊಡ್ಡ ಪತ್ರಿಕೆಯೊಂದರಲ್ಲಿ ಕಾಲೇಜು ಹುಡುಗನ ಗೆರೆ ಅಚ್ಚಾಗುವುದೆಂದರೆ ಸಾಮಾನ್ಯವೇ? ಆದರೆ ಇದರಲ್ಲೊಂದು ಸೂಕ್ಷ್ಮವುಂಟು. ಕಥೆಗೆ ಬರೆದ ಚಿತ್ರ ಕಥೆಯ ಸೇವೆಗೆ ನಿಂತದ್ದು. ಪಾತ್ರ ಯಾರು, ಎಲ್ಲಿ ನಿಂತಿದ್ದಾನೆ, ಏನು ಉಟ್ಟಿದ್ದಾನೆ ಎಂಬುದನ್ನು ಕಥೆಗಾರ ಮೊದಲೇ ಗೊತ್ತುಮಾಡಿರುತ್ತಾನೆ. ಮೇಲಾಗಿ ಆ ಕಥೆಗಾರ ಸ್ವಂತ ಅಣ್ಣ. ‘ಅಣ್ಣ ಬರೆಯುತ್ತಾನೆ, ತಮ್ಮನಿಗೂ ಒಂದು ಮೂಲೆ ಕೊಡಿಸುತ್ತಾನೆ’ ಎಂದು ಯಾರಾದರೂ ಅಂದರೆ ಉತ್ತರವೇನು? ಅಂದಿರಲಿ ಬಿಡಲಿ, ಹರೆಯದ ಮನಸ್ಸು ಆ ಮಾತನ್ನು ತಾನೇ ತನಗೆ ಅಂದುಕೊಳ್ಳುತ್ತದೆ. ನಾರಾಯಣರ ಪ್ರೀತಿ ದೊಡ್ಡದು. ಆದರೂ ಅಣ್ಣನ ಪುಟ ಅಣ್ಣನದೇ. ಮನೆಯವರಲ್ಲದ ಯಾರಾದರೂ, ಋಣವಿಲ್ಲದ ಯಾರಾದರೂ, ‘ಈ ಪುಟ ನಿನ್ನದು’ ಎನ್ನಬೇಕಾಗಿತ್ತು.

ಅಂದವರು ಬೆಂಗಳೂರಿನ ಒಬ್ಬ ಡಾಕ್ಟರು.

ಡಾ. ಎಂ. ಶಿವರಾಂ ಅವರ ಔಷಧಾಲಯವಿದ್ದುದು ಮೆಜೆಸ್ಟಿಕ್ ಭಾಗದಲ್ಲಿ. ರೈಲಿನಿಂದಿಳಿದವರು, ಸಿನಿಮಾಕ್ಕೆ ಬಂದವರು, ಕೋರ್ಟು ಕಚೇರಿಗಳಿಗೆ ಅಲೆಯುವವರು, ಎಲ್ಲರೂ ಹಾಯ್ದುಹೋಗುವ ಜಾಗ ಅದು. ಜನರ ಕೆಮ್ಮು ನೆಗಡಿಗಳ ಜೊತೆಗೆ ಅವರ ಜಂಬ, ಜಿಪುಣತನ, ಭಯ, ಬೂಟಾಟಿಕೆಗಳೂ ವೈದ್ಯರ ಮೇಜಿನ ಮುಂದೆ ಬಂದು ಕೂರುತ್ತವೆ. ನಾಡಿ ಹಿಡಿದವರಿಗೆ ಅವೆಲ್ಲ ತಿಳಿಯುತ್ತವೆ. ಶಿವರಾಂ ‘ರಾಶಿ’ ಎಂಬ ಹೆಸರಿನಲ್ಲಿ ಹಾಸ್ಯ ಬರೆಯುತ್ತಿದ್ದರು. ಬರೆದು ತೃಪ್ತರಾಗದೆ 1942ರಲ್ಲಿ ನಗೆಗೇ ಮೀಸಲಾದ ಮಾಸಪತ್ರಿಕೆಯೊಂದನ್ನು ಹೊರಡಿಸಿದರು. ಹೆಸರು ‘ಕೊರವಂಜಿ’. ಕಂಕುಳಲ್ಲಿ ಬುಟ್ಟಿಯಿಟ್ಟುಕೊಂಡು ಮನೆಯ ಮುಂದೆ ಬಂದು, ಅಂಗೈ ನೋಡಿ ಕಣಿ ಹೇಳುವ ಹೆಂಗಸು ಕೊರವಂಜಿ. ಯಾರ ಹಂಗೂ ಇಲ್ಲದೆ ಇದ್ದುದನ್ನು ಇದ್ದಂತೆ, ಆದರೆ ನಗುಮುಖದಿಂದ, ಹೇಳಿಹೋಗುವವಳೆಂಬುದು ಜನರ ನಂಬಿಕೆ. ಹಾಸ್ಯಪತ್ರಿಕೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕುವುದು ಕಷ್ಟ.

1942 ಎಂಥ ವರ್ಷವೆಂಬುದನ್ನು ನೆನೆಯಬೇಕು. ಮಹಾಯುದ್ಧದ ಕಾವು ಏರಿತ್ತು. ಕಾಗದಕ್ಕೆ ಬರ ಬಂದಿತ್ತು. ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಸಿಡಿದು ಕಾಲೇಜುಗಳ ಹುಡುಗರು ಬೀದಿಗಿಳಿದಿದ್ದರು. ಅಂಥ ಹೊತ್ತಿನಲ್ಲಿ ಒಬ್ಬ ವೈದ್ಯರು ನಗೆಪತ್ರಿಕೆಗೆ ಕೈಹಾಕಿದರೆ ಬುದ್ಧಿವಂತರು ಏನೆಂದಿರಬಹುದೋ ಊಹಿಸಬಹುದು. ಆದರೆ ಪತ್ರಿಕೆ ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಇಪ್ಪತ್ತೈದು ವರ್ಷ ನಡೆಯಿತು. ನಾ. ಕಸ್ತೂರಿ ಅದಕ್ಕೆ ಬರೆದರು. ಟಿ. ಸುನಂದಮ್ಮನವರು ಬರೆದರು, ನಗಿಸುವುದು ಗಂಡಸರ ಸೊತ್ತೆಂಬ ಭ್ರಮೆ ಕನ್ನಡದಲ್ಲಿ ಅಳಿಯಿತು. ಕಸ್ತೂರಿಯವರು ಕೇರಳದಿಂದ ಬಂದವರು, ಲಕ್ಷ್ಮಣರ ಮನೆಮಾತು ತಮಿಳು. ಕನ್ನಡದ ನಗೆಗೆ ನೆರೆಮನೆಗಳಿಂದಲೂ ಕೈನೆರವು ಬಂದದ್ದನ್ನು ಮರೆಯಬಾರದು.

ಈ ಪತ್ರಿಕೆಗೆ ಲಕ್ಷ್ಮಣ್ ವ್ಯಂಗ್ಯಚಿತ್ರಗಳನ್ನು ಬರೆದರು. ಆಗ ಅವರಿಗೆ ಇಪ್ಪತ್ತು, ಇಪ್ಪತ್ತೊಂದರ ವಯಸ್ಸು. ಹದಿಹರೆಯದ ಹೊಸ್ತಿಲನ್ನು ಆಗತಾನೆ ದಾಟಿದ್ದರು. ಶಿವರಾಂ ಅವರ ಪ್ರೋತ್ಸಾಹ ಧಾರಾಳವಾಗಿತ್ತು. ಕುಂಚಕ್ಕೂ ಈ ವೈದ್ಯರಿಗೂ ಏನು ಸಂಬಂಧ? ಚಿತ್ರಕಾರನಾಗಬೇಕಾದವನಿಗೆ ಚಿತ್ರಕಾರ ಗುರುವಾಗಬೇಕು, ಸಂಗೀತಗಾರನಿಗೆ ಸಂಗೀತಗಾರ ಎಂಬುದು ನಮ್ಮ ಪದ್ಧತಿ. ಆದರೆ ಚಿತ್ರಕಾರನಾದ ಗುರು, ತಿಳಿದೋ ತಿಳಿಯದೆಯೋ, ಶಿಷ್ಯನ ಗೆರೆಯನ್ನು ತನ್ನ ಗೆರೆಯ ಕಡೆಗೆ ಎಳೆಯುತ್ತಾನೆ. ವೈದ್ಯರು ಎಳೆಯುವುದು ಹೇಗೆ? ಅವರು ಕೇಳಬಹುದಾದುದು ಒಂದೇ ಪ್ರಶ್ನೆ: ‘ನಗು ಬಂತೇ, ಇಲ್ಲವೇ?’ ಇದು ಬಹಳ ಕಠಿಣವಾದ ಪರೀಕ್ಷೆ, ಅದೇ ಹೊತ್ತಿನಲ್ಲಿ ಬಹಳ ಸ್ವತಂತ್ರವಾದ ಪರೀಕ್ಷೆಯೂ ಹೌದು. ಮುಂಬಯಿಯ ಕಲಾಶಾಲೆ ಪ್ರತಿಭೆಯನ್ನು ಹುಡುಕಿತು, ಕಾಣಲಿಲ್ಲ. ಮೆಜೆಸ್ಟಿಕ್ಕಿನ ಡಾಕ್ಟರರು ನಗೆಯನ್ನು ಹುಡುಕಿದರು, ಕಂಡರು.

ಮತ್ತೂ ಒಂದು ಮಾತುಂಟು. ವೈದ್ಯನ ಕಣ್ಣಿಗೂ ವ್ಯಂಗ್ಯಚಿತ್ರಕಾರನ ಕಣ್ಣಿಗೂ ದೂರದ ಬಳಗ. ರೋಗಿ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಷ್ಟರಲ್ಲಿ ಒಳ್ಳೆಯ ವೈದ್ಯನಿಗೆ ಅರ್ಧ ವಿಷಯ ತಿಳಿದುಹೋಗುತ್ತದೆ. ಹೆಗಲ ಇಳುಕಲು, ಕಣ್ಣಿನ ಕೆಳಗಿನ ಊತ, ಹೆಜ್ಜೆಯ ಎಳೆತ, ಇವೇ ಆತನ ಅಕ್ಷರಗಳು. ವ್ಯಂಗ್ಯಚಿತ್ರಕಾರನಿಗೂ ಬೇಕಾದುದು ಇವೇ. ಇಬ್ಬರೂ ಮನುಷ್ಯನನ್ನು ಅವನ ಮಾತಿನಿಂದ ಅಳೆಯುವುದಿಲ್ಲ. ಒಬ್ಬ ಚೀಟಿ ಬರೆಯುತ್ತಾನೆ, ಇನ್ನೊಬ್ಬ ಚಿತ್ರ ಬರೆಯುತ್ತಾನೆ. ಔಷಧ ಕಹಿಯಾದರೂ ರೋಗಿಯ ಮೇಲೆ ದ್ವೇಷವಿರಕೂಡದೆಂಬ ನಿಯಮ ಇಬ್ಬರಿಗೂ ಒಂದೇ. ಲಕ್ಷ್ಮಣರ ಗೆರೆ ಕಡೆಯವರೆಗೂ ಕಚ್ಚಿತೇ ಹೊರತು ವಿಷ ಕಾರಲಿಲ್ಲ.

ಪುಟವೆಂಬುದು ಬರಿಯ ಕಾಗದವಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅಂದಿನ ಪತ್ರಿಕೆಗಳಲ್ಲಿ ಗೆರೆಯ ಚಿತ್ರ ಅಚ್ಚಾಗಬೇಕಾದರೆ ಅದಕ್ಕೊಂದು ಬ್ಲಾಕು ಬೇಕು. ಚಿತ್ರಕಾರ ಬಿಳಿಯ ದಪ್ಪ ಕಾಗದದ ಮೇಲೆ ಕಡುಕಪ್ಪು ಶಾಯಿಯಿಂದ, ಅಚ್ಚಾಗಬೇಕಾದುದಕ್ಕಿಂತ ದೊಡ್ಡದಾಗಿ, ಚಿತ್ರವನ್ನು ಬರೆದುಕೊಡುತ್ತಾನೆ. ಅದನ್ನು ಕುಗ್ಗಿಸಿ ಫೋಟೋ ತೆಗೆದು, ಆ ನೆಗೆಟಿವಿನಿಂದ ಸತುವಿನ ತಗಡಿನ ಮೇಲೆ ಇಳಿಸಿ, ಗೆರೆಯಿಲ್ಲದ ಭಾಗವನ್ನೆಲ್ಲ ಆಮ್ಲದಿಂದ ತಿನ್ನಿಸುತ್ತಾರೆ. ಗೆರೆ ಮಾತ್ರ ಉಬ್ಬಿ ನಿಲ್ಲುತ್ತದೆ. ಆ ತಗಡನ್ನು ಮರದ ತುಂಡಿಗೆ ಬಡಿದು, ಅಚ್ಚುಮೊಳೆಗಳ ಜೊತೆಗೆ ಜೋಡಿಸಿ, ಶಾಯಿ ಹಚ್ಚಿ ಒತ್ತುತ್ತಾರೆ. ಈ ದಾರಿಯಲ್ಲಿ ಬೂದುಬಣ್ಣಕ್ಕೆ ಅವಕಾಶವಿಲ್ಲ: ಕಪ್ಪು, ಇಲ್ಲವೇ ಬಿಳುಪು. ನೆರಳು ಬೇಕಾದರೆ ಗೆರೆಯ ಪಕ್ಕದಲ್ಲಿ ಗೆರೆ ಎಳೆದೇ ತೋರಿಸಬೇಕು. ಎಳೆದ ಗೆರೆ ತೀರ ತೆಳುವಾದರೆ ಬ್ಲಾಕಿನಲ್ಲಿ ಮಾಯವಾಗುತ್ತದೆ. ತೀರ ಒತ್ತೊತ್ತಾದರೆ ಶಾಯಿ ತುಂಬಿಕೊಂಡು ಮಸಿಯ ಮುದ್ದೆಯಾಗುತ್ತದೆ. ಯುದ್ಧಕಾಲದ ಒರಟು ಕಾಗದದ ಮೇಲಂತೂ ಕೇಳಬೇಕಾದುದೇ ಇಲ್ಲ. ಮನೆಯಲ್ಲಿ ಸೊಗಸಾಗಿ ಕಂಡ ಚಿತ್ರ ಪತ್ರಿಕೆಯಲ್ಲಿ ಕುರೂಪವಾಗಿ ಬಂದುದನ್ನು ನೋಡಿ ಹೊಸ ಚಿತ್ರಕಾರ ಒಂದು ಸಲ ಅಳಬಹುದು. ಎರಡನೆಯ ಸಲ ಕಲಿಯುತ್ತಾನೆ.

ಬ್ಲಾಕಿನಂಥ ನಿರ್ದಾಕ್ಷಿಣ್ಯ ಗುರು ಬೇರೊಬ್ಬನಿಲ್ಲ. ಯಾರ ತಮ್ಮನೆಂದು ಅದು ಕೇಳುವುದಿಲ್ಲ. ಅದರ ಜೊತೆಗೆ ತಿಂಗಳ ಗಡುವು; ಚಂದಾದಾರ ಕಾಯುತ್ತಿರುತ್ತಾನೆ, ಸ್ಫೂರ್ತಿ ಬರಲಿಲ್ಲವೆಂದರೆ ಮುದ್ರಣಾಲಯ ನಿಲ್ಲುವುದಿಲ್ಲ. ಅದರ ಜೊತೆಗೆ ಓದುಗ. ತಿಪಟೂರಿನಲ್ಲೋ ಶಿವಮೊಗ್ಗೆಯಲ್ಲೋ ರಾತ್ರಿ ಊಟವಾದ ಮೇಲೆ ಪತ್ರಿಕೆಯನ್ನು ಬಿಡಿಸಿದಾತ ನಕ್ಕರೆ ನಕ್ಕ, ಇಲ್ಲದಿದ್ದರೆ ಪುಟ ತಿರುಗಿಸಿದ. ಕಲಾಶಾಲೆಯಲ್ಲಿ ದೊರೆಯದ ಈ ಮೂರು ಪಾಠಗಳೂ ಒಂದು ಪುಟದಲ್ಲಿ ದೊರೆಯುತ್ತವೆ, ಆ ಪುಟವನ್ನು ನಂಬಿ ಕೊಡುವವರೊಬ್ಬರಿದ್ದರೆ.

ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ನಾರದನನ್ನು ಕುರಿತ ಚಲಿಸುವ ಚಿತ್ರವೊಂದಕ್ಕೂ ವಿದ್ಯಾರ್ಥಿಯಾಗಿದ್ದಾಗಲೇ ಅವರು ಕೈಜೋಡಿಸಿದರು. ‘ಸ್ವರಾಜ್ಯ’ ಮೊದಲಾದ ಪತ್ರಿಕೆಗಳಿಗೂ ಬರೆದರು. ಪದವಿಯ ಅನಂತರ ಊರು ಬಿಟ್ಟು, 1940ರ ದಶಕ ಮುಗಿಯುವ ಮುನ್ನ ಮುಂಬಯಿಯ ‘ಫ್ರೀ ಪ್ರೆಸ್ ಜರ್ನಲ್’ ಪತ್ರಿಕೆಯಲ್ಲಿ ರಾಜಕೀಯ ವ್ಯಂಗ್ಯಚಿತ್ರಕಾರರಾಗಿ ನೆಲೆಗೊಂಡರು. ಪಕ್ಕದಲ್ಲಿ ಕುಳಿತು ಚಿತ್ರ ಬರೆಯುತ್ತಿದ್ದ ಮತ್ತೊಬ್ಬ ತರುಣ ಬಾಳ ಠಾಕ್ರೆ. ಒಂದೇ ಕೊಠಡಿಯ ಎರಡು ಕುಂಚಗಳು ಎಂಥೆಂಥ ದಾರಿಗಳನ್ನು ಹಿಡಿದುವು ಎಂಬುದು ಬೇರೆಯೇ ಒಂದು ಲೇಖನದ ವಿಷಯ.

ಸ್ವಾತಂತ್ರ್ಯದ ನಿಜವಾದ ಪರೀಕ್ಷೆ ಬಂದದ್ದು ಅಲ್ಲಿ. ಕಮ್ಯೂನಿಸ್ಟರನ್ನು ಲೇವಡಿ ಮಾಡುವ ಚಿತ್ರಗಳು ಬೇಡವೆಂದು ಮಾಲೀಕರಿಂದ ಸೂಚನೆ ಬಂತು. ಕಮ್ಯೂನಿಸ್ಟರ ಮೇಲೆ ಲಕ್ಷ್ಮಣರಿಗೇನೂ ವಿಶೇಷವಾದ ಹಗೆಯಿರಲಿಲ್ಲ. ಇಂಥವರನ್ನು ಕಂಡು ನಗು, ಇಂಥವರನ್ನು ಕಂಡು ನಗಬೇಡ ಎಂಬ ಅಪ್ಪಣೆಯನ್ನು ಮಾತ್ರ ಅವರಿಂದ ಒಪ್ಪಿಕೊಳ್ಳಲಾಗಲಿಲ್ಲ. ಕೆಲಸ ಬಿಟ್ಟು ಹೊರಬಂದರು. ಕೈಯಲ್ಲಿದ್ದ ಸಂಬಳವನ್ನು ಬಿಟ್ಟು ಮುಂಬಯಿಯ ಬೀದಿಗಿಳಿಯುವುದೆಂದರೆ ಏನೆಂಬುದು ಸಂಸಾರವಂತರಿಗೆ ತಿಳಿಯುತ್ತದೆ. ದೂರದ ಗುರುವಾದ ಡೇವಿಡ್ ಲೋ ಅವರು, ಬೀವರ್‌ಬ್ರೂಕ್ ಪ್ರಭುವಿನ ಪತ್ರಿಕೆಗೆ ಸೇರುವಾಗ, ವಿಷಯದ ಆಯ್ಕೆಯಲ್ಲಿ ತಮಗೆ ಪೂರ್ಣ ಸ್ವಾತಂತ್ರ್ಯವಿರಬೇಕೆಂದು ಮೊದಲೇ ಒಪ್ಪಂದ ಮಾಡಿಕೊಂಡಿದ್ದವರು. ಲಕ್ಷ್ಮಣರ ಹತ್ತಿರ ಅಂಥ ಒಪ್ಪಂದ ಪತ್ರವಿರಲಿಲ್ಲ. ಎದ್ದುಹೋಗುವ ಎರಡು ಕಾಲುಗಳಿದ್ದುವು.

ಆ ಕಾಲುಗಳು ಅವರನ್ನು ‘ಟೈಮ್ಸ್ ಆಫ್ ಇಂಡಿಯಾ’ ಕಚೇರಿಗೆ ಒಯ್ದುವು. 1951ರಲ್ಲಿ ಅಲ್ಲಿ ‘ಯು ಸೆಡ್ ಇಟ್’ ಎಂಬ ಪುಟ್ಟ ದೈನಂದಿನ ಚಿತ್ರ ಆರಂಭವಾಯಿತು. ಚೌಕಳಿ ಕೋಟು, ಪಂಚೆ, ಕನ್ನಡಕ, ನೆತ್ತಿಯ ಹಿಂದೆ ಕೆದರಿದ ನಾಲ್ಕು ಕೂದಲು. ಆ ಶ್ರೀಸಾಮಾನ್ಯ 50 ವರ್ಷಗಳಿಗೂ ಹೆಚ್ಚು ಕಾಲ ಒಂದು ಮಾತೂ ಆಡದೆ ದೇಶದ ಸಮಸ್ತ ವ್ಯವಹಾರಗಳನ್ನು ನೋಡುತ್ತ ನಿಂತ. ಪುರದ ಪುಣ್ಯವೆಲ್ಲ ಪುರುಷ ರೂಪದಿಂದ ಬಂದಂತೆ ಭಾಷಣ ಮಾಡುವ ಮುಂದಾಳು ಒಂದು ಕಡೆ, ಬಾಯಿಬಿಡದ ಈ ಮನುಷ್ಯ ಇನ್ನೊಂದು ಕಡೆ. ಬೆಳಗಿನ ಕಾಫಿಯ ಜೊತೆಗೆ ಜನ ಮೊದಲು ಹುಡುಕಿದ್ದು ಬಾಯಿಬಿಡದವನನ್ನು.

ಕನ್ನಡಿಗರಿಗೆ ಲಕ್ಷ್ಮಣರ ಕೈ ಮತ್ತೊಂದು ಬಾಗಿಲಿನಿಂದಲೂ ಮನೆಗೆ ಬಂತು. 1986ರಲ್ಲಿ ಶಂಕರನಾಗ್ ಅವರು ಅಣ್ಣನ ಕಥೆಗಳನ್ನು ಆಗುಂಬೆಯಲ್ಲಿ ಚಿತ್ರೀಕರಿಸಿ ದೂರದರ್ಶನಕ್ಕೆ ಕೊಟ್ಟಾಗ, ‘ಮಾಲ್ಗುಡಿ ಡೇಸ್’ ಮಾಲಿಕೆಯ ಆರಂಭದಲ್ಲಿ ಮೂಡಿ ಬರುತ್ತಿದ್ದುವು ತಮ್ಮನ ರೇಖಾಚಿತ್ರಗಳು. ಅಷ್ಟು ಹೊತ್ತಿಗೆ ಯಾರ ಪುಟದಲ್ಲಿ ಯಾರಿದ್ದಾರೆಂದು ಕೇಳುವ ಪ್ರಮೇಯವೇ ಉಳಿದಿರಲಿಲ್ಲ.

‘ಕೊರವಂಜಿ’ 1967ರಲ್ಲಿ ನಿಂತಿತು. ವೈದ್ಯರ ಕುತೂಹಲ ದೇಹದಿಂದ ಮನಸ್ಸಿನ ಕಡೆಗೆ ಹೊರಳಿತ್ತು. ಮನೋವ್ಯಾಪಾರಗಳನ್ನು ಕುರಿತು ಅವರು ಬರೆದ ‘ಮನಮಂಥನ’ ಎಂಬ ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಲಕ್ಷ್ಮಣರಿಗೆ 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ. 2015ರ ಜನವರಿ 26ರಂದು ಪುಣೆಯಲ್ಲಿ ಅವರು ಕಣ್ಮುಚ್ಚಿದಾಗ ದೇಶದ ಪತ್ರಿಕೆಗಳೆಲ್ಲ ಆ ಚೌಕಳಿ ಕೋಟನ್ನು ನೆನೆದುವು. ಮೆಜೆಸ್ಟಿಕ್ಕಿನ ಔಷಧಾಲಯವನ್ನು ನೆನೆದವರು ಕಡಮೆ. ಹಳೆಯ ‘ಕೊರವಂಜಿ’ಯ ಸಂಚಿಕೆಗಳನ್ನು ಜೋಪಾನವಾಗಿ ಕಟ್ಟು ಹಾಕಿಸಿಟ್ಟ ಮನೆಗಳು ಮಾತ್ರ ಇನ್ನೂ ಕೆಲವಿವೆ. ಅವುಗಳ ಕಂದಿದ ಕಾಗದದ ಮೇಲೆ, ಗಡುವಿಗೆ ಸಿಕ್ಕಿ ಬರೆದ ಒಬ್ಬ ಕಾಲೇಜು ಹುಡುಗನ ಕಪ್ಪು ಗೆರೆಗಳು ಉಬ್ಬಿ ನಿಂತಿವೆ.